ಯಲಹಂಕದ ಆಕಾಶಕ್ಕೆ ಎಷ್ಟು ಮಿಲಿಮೀಟರ್ ಬೇಕು?

ಎರಡು ವರ್ಷಗಳಿಗೊಮ್ಮೆ, ಏರೋ ಇಂಡಿಯಾ ಹತ್ತಿರವಾಗುತ್ತಿದ್ದಂತೆ, ಕ್ಯಾಮೆರಾ ಹವ್ಯಾಸಿಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: ವಿಮಾನಗಳನ್ನು ಹಿಡಿಯಲು ಯಾವ ಟೆಲಿಫೋಟೋ ಮಸೂರ ಕೊಳ್ಳಬೇಕು? ಬೆಂಗಳೂರಿನ ಯಲಹಂಕ ವಾಯುನೆಲೆಯಲ್ಲಿ 1996ರಲ್ಲಿ ಆರಂಭವಾದ ಈ ಪ್ರದರ್ಶನದ ಹದಿನೈದನೆಯ ಆವೃತ್ತಿ 2025ರ ಫೆಬ್ರವರಿಯಲ್ಲಿ ನಡೆಯಿತು. ಪ್ರಶ್ನೆಯಂತೆ ಉತ್ತರವೂ ಬದಲಾಗಿಲ್ಲ. 'ಕೈಯಲ್ಲಿರುವ ಹಣಕ್ಕೆ ಎಷ್ಟು ಉದ್ದದ್ದು ಬರುತ್ತದೋ ಅಷ್ಟು ಉದ್ದದ್ದು ಕೊಳ್ಳಿ' ಎಂಬುದೇ ಆ ಉತ್ತರ.

ಇದು ಅರ್ಧ ಸತ್ಯ. ಆದರೆ ಕೊಳ್ಳುವವರು ತೆರುವುದು ಪೂರ್ತಿ ಬೆಲೆ. ಕಾಲೇಜಿನ ವಿಜ್ಞಾನ ಸಂಘವೊಂದು ಚಂದಾ ಕೂಡಿಸಿ ಕೊಳ್ಳುವ ಮಸೂರವಿರಬಹುದು, ಮೊದಲ ಸಂಬಳದಲ್ಲಿ ಕಂತು ಕಟ್ಟಿ ಕೊಳ್ಳುವ ಮಸೂರವಿರಬಹುದು. ಹತ್ತಾರು ಸಾವಿರದಿಂದ ಲಕ್ಷಗಟ್ಟಲೆ ರೂಪಾಯಿಯ ವ್ಯವಹಾರ. ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಯಾವುದೋ ಒಂದು ಕಂಪನಿಯ ಮಸೂರವನ್ನಲ್ಲ. ಮಸೂರಗಳನ್ನು ಮಾರುವ, ಹೊಗಳುವ, ಹೋಲಿಸುವ ಭಾಷೆಯನ್ನು. ಆ ಭಾಷೆಯಲ್ಲಿ ಬರುವ ಸಂಖ್ಯೆಗಳು ಬಹುಮಟ್ಟಿಗೆ ನಿಜ. ಅವುಗಳಿಂದ ಎಳೆಯುವ ತೀರ್ಮಾನಗಳು ಹಲವು ಸಲ ಸುಳ್ಳು. ಪಿ.ಯು.ಸಿ. ಮಟ್ಟದ ದ್ಯುತಿವಿಜ್ಞಾನ ಮತ್ತು ಚಲನಶಾಸ್ತ್ರ ಗೊತ್ತಿದ್ದರೆ ಇದನ್ನು ನೀವೇ ಪರೀಕ್ಷಿಸಬಹುದು.

ಮೊದಲು ಹೆಸರಿನ ಮಾತು. ಉದ್ದ ಸಂಗಮದೂರದ ಮಸೂರಗಳನ್ನೆಲ್ಲ ಇಂದು ಟೆಲಿಫೋಟೋ ಎನ್ನುವುದು ರೂಢಿ. ನಿಜವಾದ ಅರ್ಥದಲ್ಲಿ, ಮುಂದೆ ಪೀನ ಮಸೂರಗಳ ಗುಂಪು, ಹಿಂದೆ ನಿಮ್ನ ಮಸೂರಗಳ ಗುಂಪು ಇದ್ದು, ಒಟ್ಟು ಉದ್ದ ಸಂಗಮದೂರಕ್ಕಿಂತ ಕಡಿಮೆ ಇರುವಂತೆ ರಚಿಸಿದ್ದು ಮಾತ್ರ ಟೆಲಿಫೋಟೋ. 1891ರಲ್ಲಿ ಲಂಡನ್ನಿನ ಡಾಲ್ಮೆಯರ್, ಜರ್ಮನಿಯ ಮೀಥೆ ಮತ್ತು ಸ್ಟೈನ್‌ಹೈಲ್ ಬೇರೆಬೇರೆಯಾಗಿ ಈ ರಚನೆಗೆ ಬಂದರು. 400 ಮಿ.ಮೀ. ಮಸೂರವನ್ನು ಹೆಗಲ ಚೀಲದಲ್ಲಿ ಒಯ್ಯಲು ಸಾಧ್ಯವಾಗಿರುವುದು ಆ ನಿಮ್ನ ಗುಂಪಿನ ದಯೆಯಿಂದ. 2015ರ ನಂತರ ನಿಕಾನ್ ಕಂಪನಿ ವಿವರ್ತನೆಯನ್ನೇ ಬಳಸಿಕೊಂಡು ವರ್ಣದೋಷವನ್ನು ತಿದ್ದುವ ಫ್ರೆನೆಲ್ ಮಾದರಿಯ ಗಾಜನ್ನು ಸೇರಿಸಿ 300 ಮತ್ತು 500 ಮಿ.ಮೀ. ಮಸೂರಗಳನ್ನು ಇನ್ನಷ್ಟು ಚಿಕ್ಕದಾಗಿಸಿತು. ಕ್ಯಾನನ್ 2001ರಲ್ಲೇ ಅಂಥದೊಂದು 400 ಮಿ.ಮೀ. ಮಸೂರವನ್ನು ಹೊರತಂದಿತ್ತು. ತೂಕ ಕಡಿಮೆ, ಬೆಲೆಯಲ್ಲ.

ಎಷ್ಟು ಪಟ್ಟು?

ಜಾಹೀರಾತಿನಲ್ಲಿ ಎದ್ದು ಕಾಣುವ ಸಂಖ್ಯೆ '10 ಎಕ್ಸ್', '30 ಎಕ್ಸ್' ಎಂಬುದು. ಇದು ದೂರದರ್ಶಕದ ವರ್ಧನೆಯಂತೆ ಕೇಳಿಸುತ್ತದೆ. ಆದರೆ ಅದು ಜೂಮ್ ಮಸೂರದ ಗರಿಷ್ಠ ಸಂಗಮದೂರವನ್ನು ಕನಿಷ್ಠ ಸಂಗಮದೂರದಿಂದ ಭಾಗಿಸಿದಾಗ ಬರುವ ಅನುಪಾತ ಮಾತ್ರ. 18-200 ಮಿ.ಮೀ. ಮಸೂರ 11 ಎಕ್ಸ್, 200-500 ಮಿ.ಮೀ. ಮಸೂರ ಕೇವಲ 2.5 ಎಕ್ಸ್. ದೂರದ ವಿಮಾನ ಯಾವುದರಲ್ಲಿ ದೊಡ್ಡದಾಗಿ ಮೂಡುತ್ತದೆ ಎಂದು ಹೇಳಬೇಕಾಗಿಲ್ಲ. ವಿಮಾನದ ಚಿತ್ರಕ್ಕೆ ಈ ಸಂಖ್ಯೆಯಿಂದ ಯಾವ ಪ್ರಯೋಜನವೂ ಇಲ್ಲ.

ಪ್ರಯೋಜನಕ್ಕೆ ಬರುವ ಲೆಕ್ಕ ಹೀಗಿದೆ. ದೂರದ ವಸ್ತುವಿನ ಬಿಂಬದ ಅಳತೆ ಎಂದರೆ ಸಂಗಮದೂರವನ್ನು ಆ ವಸ್ತು ಆಕ್ರಮಿಸುವ ಕೋನದಿಂದ, ರೇಡಿಯನ್‌ಗಳಲ್ಲಿ, ಗುಣಿಸಿದ ಮೊತ್ತ. ಸೂರ್ಯಕಿರಣ್ ತಂಡ ಈಗ ಹಾರಿಸುವ ಹಾಕ್ ವಿಮಾನದ ಉದ್ದ ಸುಮಾರು 12.4 ಮೀಟರ್. ಅದು 500 ಮೀಟರ್ ದೂರದಲ್ಲಿ ಅಡ್ಡಲಾಗಿ ಹಾರುತ್ತಿದ್ದರೆ ಕೋನ 0.0248 ರೇಡಿಯನ್. 400 ಮಿ.ಮೀ. ಮಸೂರದಲ್ಲಿ ಬಿಂಬದ ಉದ್ದ 9.9 ಮಿ.ಮೀ., 300ರಲ್ಲಿ 7.4 ಮಿ.ಮೀ. ಸಾಮಾನ್ಯ ಡಿಎಸ್‌ಎಲ್‌ಆರ್ ಕ್ಯಾಮೆರಾದ ಸಂವೇದಕ 23.5 ಮಿ.ಮೀ. ಅಗಲವಿದ್ದು, ಅದರಲ್ಲಿ 6000 ಪಿಕ್ಸೆಲ್‌ಗಳಿವೆ ಎಂದುಕೊಳ್ಳಿ. 300 ಮಿ.ಮೀ. ಮಸೂರ ಕೊಡುವ ಹಾಕ್ ಸುಮಾರು 1900 ಪಿಕ್ಸೆಲ್ ಉದ್ದವಿರುತ್ತದೆ. ಅಂಗುಲಕ್ಕೆ 300 ಬಿಂದುಗಳಂತೆ ಮುದ್ರಿಸಿದರೆ ವಿಮಾನವೊಂದೇ 16 ಸೆಂ.ಮೀ. ಆಗುತ್ತದೆ. ಪತ್ರಿಕೆಯ ಪುಟದ ಅಗಲಕ್ಕೆ ಇದು ಧಾರಾಳ.

ಸುಖೋಯ್-30 ಎಂಕೆಐ ವಿಮಾನ ಇನ್ನೂ ದೊಡ್ಡದು, ಸುಮಾರು 21.9 ಮೀಟರ್. ಅದೇ ದೂರದಲ್ಲಿ 400 ಮಿ.ಮೀ. ಮಸೂರ ಅದರ ಬಿಂಬವನ್ನು 17.5 ಮಿ.ಮೀ. ಮಾಡುತ್ತದೆ. ಚೌಕಟ್ಟಿನ ಮುಕ್ಕಾಲು ಭಾಗ ಅಲ್ಲಿಗೇ ತುಂಬಿತು. 600 ಮಿ.ಮೀ. ಹಾಕಿದರೆ ಮೂಗೋ ಬಾಲವೋ ಹೊರಗೆ. ಸೂರ್ಯಕಿರಣ್‌ನ ಒಂಬತ್ತು ವಿಮಾನಗಳ ರಚನೆ ಒಟ್ಟು 80 ಮೀಟರ್ ಅಗಲವಿದೆ ಎಂದು ಇಟ್ಟುಕೊಂಡರೆ, 500 ಮೀಟರ್‌ನಿಂದ ಇಡೀ ರಚನೆ ಚೌಕಟ್ಟಿನೊಳಗೆ ಕೂರಲು 147 ಮಿ.ಮೀ.ಗಿಂತ ಕಡಿಮೆ ಸಂಗಮದೂರ ಬೇಕು. ತಂಡದ ಪ್ರದರ್ಶನಕ್ಕೆ ಬೆಲೆಬಾಳುವ ಉದ್ದ ಮಸೂರ ಹೊತ್ತೊಯ್ದವರು ಒಂದು ರೆಕ್ಕೆಯ ತುದಿ, ಎರಡು ಎಳೆ ಹೊಗೆ ಹಿಡಿದು ತೃಪ್ತಿಪಡಬೇಕಾಗುತ್ತದೆ.

ಪಟ್ಟುಗಳ ಮೋಹ ತುತ್ತತುದಿಗೆ ಹೋದ ಉದಾಹರಣೆ 2018ರಲ್ಲಿ ಬಂದ ನಿಕಾನ್ ಪಿ-1000. ಇದು 125 ಎಕ್ಸ್, '3000 ಮಿ.ಮೀ.ಗೆ ಸಮ' ಎಂಬ ಬಿರುದು. ನೈಜ ಗರಿಷ್ಠ ಸಂಗಮದೂರ 539 ಮಿ.ಮೀ.; 'ಸಮ' ಎಂಬ ಮಾತು ಬರುವುದು ಸುಮಾರು 6.2 ಮಿ.ಮೀ. ಅಗಲದ ಪುಟ್ಟ ಸಂವೇದಕದಿಂದ. ಬಿಂಬವನ್ನು ದೊಡ್ಡದು ಮಾಡಿದ್ದಲ್ಲ, ಚೌಕಟ್ಟನ್ನು ಚಿಕ್ಕದು ಮಾಡಿದ್ದು. ಪೂರ್ತಿ ಜೂಮ್‌ನಲ್ಲಿ ನೋಟದ ಅಗಲ 0.66 ಡಿಗ್ರಿ. 500 ಮೀಟರ್ ದೂರದಲ್ಲಿ ಅದು 5.7 ಮೀಟರ್, ಅಂದರೆ ಅರ್ಧ ಹಾಕ್! ಇನ್ನು ವಿವರ್ತನೆಯ ವಿಷಯ. ಆ ತುದಿಯಲ್ಲಿ ದ್ಯುತಿರಂಧ್ರ ಎಫ್/8ಕ್ಕಿಂತ ಹಿಗ್ಗುವುದಿಲ್ಲ. ಹಸಿರು ಬೆಳಕಿಗೆ ಏರಿ ತಟ್ಟೆಯ ವ್ಯಾಸ, ಅಂದರೆ 2.44 × ತರಂಗದೂರ × ಎಫ್-ಸಂಖ್ಯೆ, 10.7 ಮೈಕ್ರಾನ್. ಆ ಕ್ಯಾಮೆರಾದ ಒಂದು ಪಿಕ್ಸೆಲ್ ಸುಮಾರು 1.3 ಮೈಕ್ರಾನ್. ಒಂದು ಬಿಂದುವಿನ ಬಿಂಬ ಎಂಟು ಪಿಕ್ಸೆಲ್‌ಗಳ ಅಗಲಕ್ಕೆ ಹರಡಿರುತ್ತದೆ. ಹುಣ್ಣಿಮೆಯ ಚಂದ್ರನಿಗೆ ಇದು ಸೊಗಸಾದ ಉಪಕರಣ. ಚಂದ್ರ ಗಂಟೆಗೆ 600 ಕಿ.ಮೀ. ವೇಗದಲ್ಲಿ ಮೂಗಿನ ಮುಂದೆ ಹಾದುಹೋಗುವುದಿಲ್ಲ.

ಮೊಬೈಲ್ ಫೋನಿನ '100 ಎಕ್ಸ್' ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ನೈಜ ಸಂಗಮದೂರ 15 ಮಿ.ಮೀ. ಇದ್ದರೆ ಮೇಲಿನ ಹಾಕ್‌ನ ಬಿಂಬ 0.37 ಮಿ.ಮೀ. ಅಷ್ಟರ ಮೇಲೆ ಕಾಣುವ ನುಣುಪಾದ ವಿವರಗಳೆಲ್ಲ ಬೆಳಕು ತಂದದ್ದಲ್ಲ, ತಂತ್ರಾಂಶ ಊಹಿಸಿ ಸೇರಿಸಿದ್ದಿರಬಹುದು. ವಿಮಾನದ ಬಾಲದ ಮೇಲಿನ ಸಂಖ್ಯೆಯನ್ನು ಅಂಥ ಚಿತ್ರದಿಂದ ಓದಿ ದಾಖಲಿಸುವ ವಿದ್ಯಾರ್ಥಿ ಹುಷಾರಾಗಿರಬೇಕು.

ಚಲಿಸುವ ಗುರಿ

ಈಗ ಅಂಗಡಿಯವರು ಹೇಳದ ಸಂಗತಿಗೆ ಬರೋಣ. ಗಂಟೆಗೆ 600 ಕಿ.ಮೀ. ಎಂದರೆ ಸೆಕೆಂಡಿಗೆ 167 ಮೀಟರ್. ವಿಮಾನ 500 ಮೀಟರ್ ದೂರದಲ್ಲಿ ನಿಮ್ಮ ಎದುರು ಹಾಯುವ ಕ್ಷಣದಲ್ಲಿ ಅದರ ಕೋನೀಯ ವೇಗ ಸೆಕೆಂಡಿಗೆ ಮೂರನೆಯ ಒಂದು ರೇಡಿಯನ್, ಅಂದರೆ ಸುಮಾರು 19 ಡಿಗ್ರಿ. ಅಲುಗಾಡದೆ ಇಟ್ಟ 400 ಮಿ.ಮೀ. ಮಸೂರದ ಹಿಂದೆ ಬಿಂಬ ಸೆಕೆಂಡಿಗೆ 133 ಮಿ.ಮೀ. ವೇಗದಲ್ಲಿ ಓಡುತ್ತದೆ. ಶಟರ್ 1/1000 ಸೆಕೆಂಡು ಮಾತ್ರ ತೆರೆದರೂ ಬಿಂಬ 0.13 ಮಿ.ಮೀ. ಸರಿದಿರುತ್ತದೆ. ಇದು 34 ಪಿಕ್ಸೆಲ್. ಸಾವಿರದ ಒಂದು ಸೆಕೆಂಡು ಎಂಬುದು ಮಿಂಚಿನ ವೇಗ ಎಂದು ನಂಬಿದವರಿಗೆ ಈ ಸಂಖ್ಯೆಯನ್ನು ತೋರಿಸಿ.

ಆದ್ದರಿಂದ ಕ್ಯಾಮೆರಾವನ್ನು ವಿಮಾನದ ಜೊತೆಗೆ ತಿರುಗಿಸಲೇಬೇಕು. ನಿಮ್ಮ ತಿರುಗುವ ವೇಗ ಶೇಕಡಾ 10ರಷ್ಟು ತಪ್ಪಿದರೂ ಮಸುಕು 3.4 ಪಿಕ್ಸೆಲ್‌ಗೆ ಇಳಿಯುತ್ತದೆ. 1/2000 ಸೆಕೆಂಡು ಕೊಟ್ಟರೆ ಅದರ ಅರ್ಧ. ಇಲ್ಲಿ ಮಸೂರದ ಉದ್ದ ನಿಮ್ಮ ವಿರುದ್ಧವೇ ಕೆಲಸ ಮಾಡುತ್ತದೆ. ಸಂಗಮದೂರ ಎರಡರಷ್ಟಾದರೆ ಬಿಂಬ ಎರಡರಷ್ಟು, ಮಸುಕೂ ಎರಡರಷ್ಟು. ಪಿ-1000ರ 0.66 ಡಿಗ್ರಿಯ ನೋಟವನ್ನು ಸೆಕೆಂಡಿಗೆ 19 ಡಿಗ್ರಿ ಸರಿಯುವ ವಿಮಾನ ದಾಟಲು ತೆಗೆದುಕೊಳ್ಳುವುದು 0.035 ಸೆಕೆಂಡು. ಮನುಷ್ಯ ಕಣ್ಣು ಮಿಟುಕಿಸಲೂ ಅಷ್ಟು ಸಾಲದು.

ಕುತೂಹಲದ ಒಂದು ಅಂಶವನ್ನು ಅಧ್ಯಾಪಕರು ತರಗತಿಯಲ್ಲಿ ಬಳಸಿಕೊಳ್ಳಬಹುದು. ವಿಮಾನ ತೀರ ಹತ್ತಿರ ಬಂದಾಗ ಹಿಡಿಯುವುದು ಕಷ್ಟ ಎಂದು ಎಲ್ಲರೂ ಭಾವಿಸುತ್ತಾರೆ. ಕೋನೀಯ ವೇಗ ಅಲ್ಲಿ ಗರಿಷ್ಠ ಎಂಬುದು ನಿಜ. ಆದರೆ ಗರಿಷ್ಠ ಬಿಂದುವಿನಲ್ಲಿ ವೇಗದ ಬದಲಾವಣೆಯ ದರ ಶೂನ್ಯ. ಒಂದೇ ಸಮನೆ ತಿರುಗುತ್ತಿದ್ದರೆ ಸಾಕು. ಸರಳರೇಖೆಯಲ್ಲಿ ಸಮವೇಗದಿಂದ ಹಾಯುವ ವಿಮಾನದ ಕೋನೀಯ ವೇಗೋತ್ಕರ್ಷವನ್ನು ಅವಕಲನದಿಂದ ಕಂಡುಹಿಡಿದರೆ, ಅದು ಗರಿಷ್ಠವಾಗುವುದು ಎದುರಿನ ಬಿಂದುವಿಗೆ 30 ಡಿಗ್ರಿ ಮೊದಲು ಮತ್ತು 30 ಡಿಗ್ರಿ ನಂತರ. ನಮ್ಮ ಉದಾಹರಣೆಯಲ್ಲಿ ಸೆಕೆಂಡಿಗೆ ಸೆಕೆಂಡಿಗೆ ಸುಮಾರು 4 ಡಿಗ್ರಿ. ಕೈ ತಪ್ಪುವುದು ಅಲ್ಲಿ. ತೂಕ ಮುಂತುದಿಯಲ್ಲಿರುವ 2 ಕೆ.ಜಿ.ಯ 150-600 ಮಿ.ಮೀ. ಜೂಮ್‌ನ ಜಡತ್ವ ಮಹತ್ವ ಹೆಚ್ಚು. ಅದನ್ನು ಇಡೀ ಬೆಳಗ್ಗೆ ಹೀಗೆ ವೇಗೋತ್ಕರ್ಷಗೊಳಿಸುವ ತೋಳು ನಿಮ್ಮದು. ಮಸೂರವನ್ನು ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ನೋಡಿ ಕೊಳ್ಳುವವರಿಗೆ ಈ ಲೆಕ್ಕ ಹೊಳೆಯುವುದಿಲ್ಲ.

ಕಂಪನ ನಿವಾರಣೆಯ ಬಗ್ಗೆ ಜಾಹೀರಾತುಗಳು ವಿಶೇಷವಾಗಿ ದಾರಿ ತಪ್ಪಿಸುತ್ತವೆ. ಮಸೂರದೊಳಗಿನ ಒಂದು ಗುಂಪನ್ನು ಅಡ್ಡಲಾಗಿ ಸರಿಸಿ ಕೈ ನಡುಕವನ್ನು ಸರಿದೂಗಿಸುವ ವ್ಯವಸ್ಥೆ ಇದು. ಅದು ನಿಮ್ಮ ಕೈಯನ್ನು ತಡೆಯಬಲ್ಲದು, ವಿಮಾನವನ್ನಲ್ಲ. 1/2000 ಸೆಕೆಂಡಿನಲ್ಲಿ ಜೆಟ್ ಚಿತ್ರ ತೆಗೆಯುವಾಗ ಅದರ ಪಾತ್ರ ಅತ್ಯಲ್ಪ. ಆದರೆ ಹೆಲಿಕಾಪ್ಟರಿನ ಮಾತು ಬೇರೆ. ಸಾರಂಗ್ ತಂಡದ ಧ್ರುವ್ ಹೆಲಿಕಾಪ್ಟರಿನ ರೋಟರ್ ನಿಮಿಷಕ್ಕೆ ಸುಮಾರು 300 ಸುತ್ತು ತಿರುಗುತ್ತದೆ. 1/1000 ಸೆಕೆಂಡಿನಲ್ಲಿ ಅಲಗು ತಿರುಗುವುದು 1.8 ಡಿಗ್ರಿ ಮಾತ್ರ. ಚಿತ್ರದಲ್ಲಿ ಅಲಗುಗಳು ನಿಂತಂತೆ ಕಂಡು, ದಾರಕ್ಕೆ ಕಟ್ಟಿ ತೂಗಿಬಿಟ್ಟ ಆಟಿಕೆಯಂತಾಗುತ್ತದೆ. 1/125 ಸೆಕೆಂಡು ಕೊಟ್ಟರೆ 14 ಡಿಗ್ರಿಯ ಹಿತವಾದ ಮಸುಕು ಬಂದು ಯಂತ್ರಕ್ಕೆ ಜೀವ ಬರುತ್ತದೆ. ಅಷ್ಟು ನಿಧಾನದ ಶಟರ್‌ಗೆ ಕಂಪನ ನಿವಾರಣೆ ನಿಜವಾಗಿ ಬೇಕು, ಅದರಲ್ಲೂ ಅಡ್ಡ ಚಲನೆಯನ್ನು ಬಿಟ್ಟು ಮೇಲು-ಕೆಳಗಿನ ನಡುಕವನ್ನಷ್ಟೇ ತಿದ್ದುವ ಎರಡನೆಯ ಕ್ರಮವಿದ್ದರೆ ಉತ್ತಮ. ಹಣ ಕೊಡುವುದಾದರೆ ಇದಕ್ಕೆ ಕೊಡಿ.

ಬೆಳಕು ಮತ್ತು ಗಾಳಿ

ಮಸೂರದ ಬೆಲೆಯನ್ನು ಏರಿಸುವ ಮತ್ತೊಂದು ಸಂಖ್ಯೆ ದ್ಯುತಿರಂಧ್ರ. 400 ಮಿ.ಮೀ. ಎಫ್/2.8 ಮಸೂರದ ಮುಂಗಾಜು 143 ಮಿ.ಮೀ. ವ್ಯಾಸದ್ದಾಗಿರಬೇಕು, ಎಫ್/5.6 ಆದರೆ 71 ಮಿ.ಮೀ. ಸಾಕು. ನಾಲ್ಕು ಪಟ್ಟು ಬೆಳಕು, ಬೆಲೆ ಮಾತ್ರ ನಾಲ್ಕು ಪಟ್ಟಿಗೂ ಎಷ್ಟೋ ಹೆಚ್ಚು. ಸಂಜೆಯ ಕಾಡಿನಲ್ಲಿ ಚಿರತೆಗೆ ಕಾಯುವವರಿಗೆ ಅದು ಬೇಕು. ಫೆಬ್ರವರಿಯ ಬೆಳಗಿನ ಬಿಸಿಲಿನಲ್ಲಿ ನಡೆಯುವ ಪ್ರದರ್ಶನಕ್ಕೆ? ಹಳೆಯ 'ಬಿಸಿಲಿಗೆ ಹದಿನಾರು' ನಿಯಮವನ್ನೇ ಹಚ್ಚಿ ನೋಡಿ: ಸ್ವಚ್ಛ ಬಿಸಿಲಿನಲ್ಲಿ ಎಫ್/16 ಇಟ್ಟರೆ ಶಟರ್ ಕಾಲ ಐಎಸ್‌ಓ ಸಂಖ್ಯೆಯ ವ್ಯುತ್ಕ್ರಮ. ಐಎಸ್‌ಓ 400ರಲ್ಲಿ ಎಫ್/16ಕ್ಕೆ 1/400. ಎಫ್/8ಕ್ಕೆ 1/1600 ಸೆಕೆಂಡು. ನಮಗೆ ಬೇಕಾದದ್ದು ಅಷ್ಟೇ. ಎಫ್/2.8 ಹೊತ್ತವರೂ ಅಲ್ಲಿ ಅದನ್ನು ಎಫ್/8ಕ್ಕೆ ಕಿರಿದು ಮಾಡಿಯೇ ತೆಗೆಯುತ್ತಾರೆ.

ಟೆಲಿಕನ್ವರ್ಟರ್ ಎಂಬ ಅಗ್ಗದ ದಾರಿಯೂ ಇದೇ ಲೆಕ್ಕಕ್ಕೆ ಒಳಪಡುತ್ತದೆ. ಎರಡು ಪಟ್ಟಿನ ಕನ್ವರ್ಟರ್ ಹಾಕಿದರೆ ಎಫ್/5.6 ಮಸೂರ ಎಫ್/11 ಆಗುತ್ತದೆ. ಮಸೂರದ ದೋಷಗಳೂ ಎರಡು ಪಟ್ಟು ದೊಡ್ಡದಾಗುತ್ತವೆ. ಹಲವು ಡಿಎಸ್‌ಎಲ್‌ಆರ್‌ಗಳ ಸ್ವಯಂ ಸಂಗಮ ಕೈಕೊಡುತ್ತದೆ. 1.4 ಪಟ್ಟಿನದು ಸಹನೀಯ.

ಇಷ್ಟೆಲ್ಲ ಆದಮೇಲೂ ಮಸೂರ ಮತ್ತು ವಿಮಾನದ ನಡುವೆ ಯಾರೂ ಮಾರಲಾಗದ ಇನ್ನೊಂದು ಮಸೂರವಿದೆ: ಗಾಳಿ. ಅದರ ವಕ್ರೀಭವನಾಂಕ ಒಂದಕ್ಕಿಂತ ಹೆಚ್ಚಿರುವುದು 0.00028ರಷ್ಟು ಮಾತ್ರ, ಒಂದು ಡಿಗ್ರಿ ಉಷ್ಣತೆ ಏರಿದರೆ ಅದು ಸುಮಾರು ಹತ್ತು ಲಕ್ಷದಲ್ಲಿ ಒಂದು ಭಾಗ ಇಳಿಯುತ್ತದೆ. ಅತ್ಯಲ್ಪ ಎನಿಸಬಹುದು. ಆದರೆ ಕಾದ ರನ್‌ವೇ ಮೇಲೆ ಬಿಸಿ-ತಂಪು ಗಾಳಿಯ ಗುಳ್ಳೆಗಳು ಕಲಸುತ್ತಿರುವಾಗ ಕಿರಣಗಳು ಅತ್ತಿತ್ತ ಬಾಗುತ್ತವೆ. ಈ ತೊನೆದಾಟ 10 ಕೋನೀಯ ಸೆಕೆಂಡು ಎಂದಿಟ್ಟುಕೊಳ್ಳಿ. 500 ಮಿ.ಮೀ. ಮಸೂರದಲ್ಲಿ ಅದು 24 ಮೈಕ್ರಾನ್, ಆರು ಪಿಕ್ಸೆಲ್. 71 ಮಿ.ಮೀ. ರಂಧ್ರದ ವಿವರ್ತನ ಮಿತಿಯೋ ಬರೀ 2 ಕೋನೀಯ ಸೆಕೆಂಡು. ಅಂದರೆ ಅಗ್ಗದ ಮಸೂರದ ಸಾಮರ್ಥ್ಯವನ್ನೇ ಗಾಳಿ ತಿಂದುಹಾಕಿರುವಾಗ ದುಬಾರಿಯದು ಏನು ಮಾಡೀತು? ಬೆಂಗಳೂರಿನ ಖಭೌತ ಸಂಸ್ಥೆ ತನ್ನ 2 ಮೀಟರ್ ದೂರದರ್ಶಕವನ್ನು ಲಡಾಖಿನ ಹಾನ್ಲೆಯಲ್ಲಿ 4500 ಮೀಟರ್ ಎತ್ತರದಲ್ಲಿಟ್ಟು, ಹೊಸಕೋಟೆಯಿಂದ ಉಪಗ್ರಹದ ಮೂಲಕ ನಿಯಂತ್ರಿಸುತ್ತಿರುವುದಕ್ಕೆ ಗಾಳಿಯ ಈ ಉಪದ್ರವವೂ ಒಂದು ಕಾರಣ. ನೆಲ ಬಿಟ್ಟೇಳುವ ವಿಮಾನದ ಚಿತ್ರಕ್ಕೆ ಬೆಳಗಿನ ಹೊತ್ತನ್ನು ಆರಿಸಿಕೊಳ್ಳಿ. ಮಧ್ಯಾಹ್ನ ಮಸೂರವನ್ನು ಮೇಲಕ್ಕೆ ತಿರುಗಿಸಿ.

ಪತ್ರಿಕೆಗಳ ಮಸೂರ ವಿಮರ್ಶೆಗಳಲ್ಲಿ ಇವುಗಳಲ್ಲಿ ಯಾವುದಕ್ಕೂ ಹೆಚ್ಚು ಜಾಗವಿಲ್ಲ. ಗೋಡೆಗೆ ಅಂಟಿಸಿದ ಗೆರೆಗಳ ಪಟವನ್ನು ಮುಕ್ಕಾಲಿಯ ಮೇಲಿಂದ ತೆಗೆದು ಅಂಕ ಕೊಡುವುದು ಪದ್ಧತಿ. ಮಿ.ಮೀ.ಗೆ ಇಷ್ಟು ಜೋಡಿ ಗೆರೆ ಎಂಬ ಆ ಅಂಕ ಪ್ರಾಮಾಣಿಕವೇ. ಆದರೆ ಪಟ ಹಾರುವುದಿಲ್ಲ, ಕೆಲವೇ ಮೀಟರ್ ದೂರದಲ್ಲಿರುತ್ತದೆ, ನಡುವೆ ಬಿಸಿಗಾಳಿ ಇರುವುದಿಲ್ಲ. ತಯಾರಕರು ಪ್ರಕಟಿಸುವ ವಕ್ರರೇಖೆಗಳಲ್ಲಿ ಕೆಲವು ಅಳೆದವು, ಕೆಲವು ವಿನ್ಯಾಸದಿಂದ ಲೆಕ್ಕಹಾಕಿದವು. ಎರಡನ್ನೂ ಪಕ್ಕದಲ್ಲಿಟ್ಟು ಹೋಲಿಸುವುದು ಉತ್ತರಪತ್ರಿಕೆಯನ್ನು ಪಠ್ಯಕ್ರಮದ ಜೊತೆ ಹೋಲಿಸಿದಂತೆ.

ಚಿತ್ರ ಹೇಳುವ ದೂರ

ಮಸೂರದ ಆಯ್ಕೆಗಿಂತ ಗಂಭೀರವಾದ ಒಂದು ವಿಷಯ ಇಲ್ಲಿದೆ. ಎದುರುಬದುರಾಗಿ ಬಂದು ಹಾಯುವ ಎರಡು ವಿಮಾನಗಳ ಚಿತ್ರ ಅಚ್ಚಾದಾಗ ಕೆಳಗೆ 'ಕೂದಲೆಳೆಯ ಅಂತರ' ಎಂಬ ಶೀರ್ಷಿಕೆ ಕಾಣುತ್ತೇವೆ. ಟೆಲಿಫೋಟೋ ಮಸೂರ ದೂರವನ್ನು 'ಕುಗ್ಗಿಸುತ್ತದೆ' ಎಂಬ ವಿವರಣೆಯೂ ಪಕ್ಕದಲ್ಲೇ ಇರುತ್ತದೆ. ಎರಡನ್ನೂ ಒಪ್ಪಲಾಗದು. ನೋಟದ ರೇಖೆಯುದ್ದಕ್ಕೂ 30 ಮೀಟರ್ ಅಂತರದಲ್ಲಿರುವ ಎರಡು ಹಾಕ್‌ಗಳು 500 ಮತ್ತು 530 ಮೀಟರ್ ದೂರದಲ್ಲಿವೆ ಎನ್ನಿ. 400 ಮಿ.ಮೀ. ಮಸೂರದಲ್ಲಿ ಬಿಂಬಗಳು 9.9 ಮತ್ತು 9.4 ಮಿ.ಮೀ. ಈ ವ್ಯತ್ಯಾಸ ಕಣ್ಣಿಗೆ ಹಿಡಿಯುವುದಿಲ್ಲ. ವಿಮಾನಗಳು ತಾಗಿದಂತೆಯೇ ಕಾಣುತ್ತವೆ. 50 ಮಿ.ಮೀ. ಮಸೂರದಿಂದ ಅದೇ ಜಾಗದಲ್ಲಿ ನಿಂತು ತೆಗೆದರೂ ಅನುಪಾತ ಅದೇ, ಬಿಂಬಗಳು ಮಾತ್ರ ಎಂಟನೆಯ ಒಂದು ಭಾಗ. ಕುಗ್ಗಿಸಿದ್ದು ಮಸೂರವಲ್ಲ, ನೀವು ನಿಂತ ದೂರ. ಒಂದೇ ಮಾದರಿಯ ವಿಮಾನಗಳು ಒಂದೇ ಭಂಗಿಯಲ್ಲಿದ್ದರೆ ಅಳತೆಪಟ್ಟಿ ಇಟ್ಟು ಎರಡು ಬಿಂಬಗಳ ಅನುಪಾತ ತೆಗೆದು ನೈಜ ಅಂತರವನ್ನು ಅಂದಾಜು ಮಾಡಬಹುದು. ಒಳ್ಳೆಯ ಪ್ರಾಯೋಗಿಕ ಪಾಠ.

ಇದನ್ನು ಬರೀ ಲೆಕ್ಕದ ಆಟ ಎಂದು ತಳ್ಳಿಹಾಕುವಂತಿಲ್ಲ. 2019ರ ಫೆಬ್ರವರಿ 19ರಂದು, ಪ್ರದರ್ಶನದ ಹಿಂದಿನ ದಿನದ ತಾಲೀಮಿನಲ್ಲಿ, ಸೂರ್ಯಕಿರಣ್‌ನ ಎರಡು ಹಾಕ್‌ಗಳು ಯಲಹಂಕದ ಬಳಿ ಆಕಾಶದಲ್ಲಿ ಡಿಕ್ಕಿಯಾಗಿ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ಮೃತಪಟ್ಟರು. ಹತ್ತಿರ ಹಾರುವುದರ ನಿಜವಾದ ಅಪಾಯ ಏನೆಂದು ಬಲ್ಲವರು ಆ ಪೈಲಟ್‌ಗಳು. ಮೂವತ್ತು ಮೀಟರನ್ನು ಕೂದಲೆಳೆ ಎಂದು ಮುದ್ರಿಸುವ ಶೀರ್ಷಿಕೆ, ನಿಜಕ್ಕೂ ಕೆಲವೇ ಮೀಟರ್ ಅಂತರದಲ್ಲಿ ರೆಕ್ಕೆಗೆ ರೆಕ್ಕೆ ಸೇರಿಸಿ ಹಾರುವ ರಚನೆಯ ಕೌಶಲವನ್ನು ಓದುಗನ ಕಣ್ಣಿನಲ್ಲಿ ಸಾಧಾರಣವಾಗಿಸುತ್ತದೆ. ಯಾವ ಅಂತರ ಅಡ್ಡಲಾಗಿದೆ, ಯಾವುದು ಆಳದಲ್ಲಿದೆ ಎಂಬುದನ್ನು ಒಂದೇ ಚಿತ್ರದಿಂದ ಹೇಳಲಾಗದು ಎಂದು ವಿದ್ಯಾರ್ಥಿಗೆ ತಿಳಿದಿರಬೇಕು.

ಹಾಗಾದರೆ ಏನು ಕೊಳ್ಳಬೇಕು? ಸಣ್ಣ ಸಂವೇದಕದ ಡಿಎಸ್‌ಎಲ್‌ಆರ್ ಅಥವಾ ಕನ್ನಡಿರಹಿತ ಕ್ಯಾಮೆರಾ ಈಗಾಗಲೇ ಇದ್ದರೆ 70-300 ಮಿ.ಮೀ. ಜೂಮ್ ನನ್ನ ಮೊದಲ ಆಯ್ಕೆ. ಸಂಗಮವನ್ನು ಬೇಗ ಹಿಡಿಯುವ ಮೋಟಾರು ಅದರಲ್ಲಿದೆಯೇ ಎಂದು ನೋಡಿಕೊಳ್ಳಿ. ಒಂಟಿ ಯುದ್ಧವಿಮಾನಗಳ ಮೇಲೆಯೇ ಆಸಕ್ತಿ ಇದ್ದು ಹಣವೂ ಇದ್ದರೆ 100-400. ಸ್ಥಿರ 600ನ್ನು ಕೇವಲ ವೈಮಾನಿಕ ಪ್ರದರ್ಶನಕ್ಕೆಂದು ಕೊಳ್ಳುವುದನ್ನು ನಾನು ಬೆಂಬಲಿಸಲಾರೆ. ತೀರ ಕಡಿಮೆ ಹಣದವರು ಹಳೆಯ 500 ಮಿ.ಮೀ. ಎಫ್/8 ಕನ್ನಡಿ ಮಸೂರವನ್ನು ತಿರಸ್ಕರಿಸಬೇಕಾಗಿಲ್ಲ. ಹಿನ್ನೆಲೆಯಲ್ಲಿ ಉಂಗುರಗಳನ್ನು ಮೂಡಿಸುತ್ತದೆ ಎಂಬುದು ಅದರ ಮೇಲಿನ ದೊಡ್ಡ ದೂರು. ಬರಿಯ ನೀಲಿ ಆಕಾಶದಲ್ಲಿ ಉಂಗುರ ಎಲ್ಲಿಂದ ಬರಬೇಕು? ಬಿಂಬದ ಕಾಂತಿಭೇದ ಕಡಿಮೆ, ಸಂಗಮವನ್ನು ಸಾಮಾನ್ಯವಾಗಿ ಕೈಯಿಂದಲೇ ಹೊಂದಿಸಬೇಕು, ಅಷ್ಟು ಒಪ್ಪಿಕೊಳ್ಳಬೇಕು.

ಕೊಳ್ಳುವ ಮೊದಲು, ಗೆಳೆಯರಿಂದ ಎರವಲು ಪಡೆದೋ ದಿನಬಾಡಿಗೆಗೆ ತಂದೋ, ಹೆದ್ದಾರಿಯ ಬಳಿ ಸುರಕ್ಷಿತ ಜಾಗವೊಂದಕ್ಕೆ ಒಯ್ಯಿರಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ 50 ಮೀಟರ್ ದೂರದಲ್ಲಿ ಹಾಯುವ ಬಸ್ಸಿನ ಕೋನೀಯ ವೇಗವೂ ಸೆಕೆಂಡಿಗೆ ಮೂರನೆಯ ಒಂದು ರೇಡಿಯನ್, ನಮ್ಮ ಜೆಟ್ಟಿನದಷ್ಟೇ. ಬಸ್ಸಿನ ಪಕ್ಕದಲ್ಲಿ ಬರೆದ 10 ಸೆಂ.ಮೀ. ಎತ್ತರದ ಅಕ್ಷರ, 500 ಮೀಟರ್ ದೂರದ ವಿಮಾನದ ಮೇಲಿನ ಒಂದು ಮೀಟರ್ ಎತ್ತರದ ಗುರುತಿಗೆ ಸಮ. ಇಪ್ಪತ್ತು ಬಸ್ಸುಗಳನ್ನು ಹಿಂಬಾಲಿಸಿ ತೆಗೆಯಿರಿ, 1/500, 1/1000, 1/2000 ಹೀಗೆ ಬದಲಿಸುತ್ತ. ಮನೆಗೆ ಬಂದು ಗಣಕದ ತೆರೆಯ ಮೇಲೆ ಅಕ್ಷರಗಳ ಅಂಚನ್ನು ದೊಡ್ಡದು ಮಾಡಿ, ಎಷ್ಟು ಪಿಕ್ಸೆಲ್ ಮಸುಕಾಗಿದೆ ಎಂದು ಎಣಿಸಿ. ಶಟರ್ ಕಾಲ ಅರ್ಧವಾದಾಗ ಮಸುಕೂ ಅರ್ಧವಾದರೆ ಅಭ್ಯಾಸ ಸಾಲದಿರುವುದು ಕೈಗೆ. ಕಾಲ ಎಷ್ಟೇ ಇಳಿಸಿದರೂ ಮಸುಕು ಹಾಗೇ ಉಳಿದರೆ ಆ ಮಸೂರವನ್ನೋ ಅದರ ಸಂಗಮ ವ್ಯವಸ್ಥೆಯನ್ನೋ ಅನುಮಾನಿಸಬಹುದು.